ಒಂದು ವಿಮಾನ, ಮೂರು ಮಹಜರು

ಮಹಜರು ಬರೆಯುವುದರಲ್ಲಿ ನನ್ನಷ್ಟು ನುರಿತ ಹೆಂಗಸು ಆಗ ಅರಸೀಕೆರೆ ತಾಲ್ಲೂಕಿನಲ್ಲಿ ಇನ್ನೊಬ್ಬಳಿರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಗ್ರಾಮ ಲೆಕ್ಕಿಗರಾಗಿದ್ದ ಹೆಂಗಸರೇ ನಾವಿಬ್ಬರು, ಇನ್ನೊಬ್ಬಾಕೆ ಹೆರಿಗೆ ರಜೆಯಲ್ಲಿದ್ದಳು.

ಯಾರದೋ ಗೋಡೆ ಕುಸಿಯುತ್ತದೆ, ಸಿಡಿಲು ಬಡಿದು ಎತ್ತು ಸಾಯುತ್ತದೆ, ಗಾಳಿಗೆ ತೆಂಗಿನಮರ ಉರುಳುತ್ತದೆ. ಆಗ ಗ್ರಾಮ ಲೆಕ್ಕಿಗರು ಸ್ಥಳಕ್ಕೆ ಹೋಗಿ, ಊರಿನ ಐದು ಜನರನ್ನು ಪಂಚರೆಂದು ನಿಲ್ಲಿಸಿಕೊಂಡು, ಕಂಡದ್ದನ್ನು ಬರೆದು ಅವರ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳಬೇಕು. ಅದು ಮಹಜರು. ಕೊನೆಯಲ್ಲಿ ಒಂದು ಸಾಲು ಕಡ್ಡಾಯ: ‘ಓದಿ ಹೇಳಲಾಗಿ, ಕೇಳಿ, ಸರಿಯಿದೆ ಎಂದು ಒಪ್ಪಿ ಸಹಿ ಮಾಡಿರುತ್ತೇವೆ.’ ಐದು ವರ್ಷದ ಸರ್ವೀಸಿನಲ್ಲಿ ಈ ಸಾಲನ್ನು ನೂರಾರು ಸಲ ಬರೆದಿದ್ದೆ. ಒಂದು ಸಲವೂ ಓದಿ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಸತ್ತ ಎತ್ತಿನ ಮುಂದೆ ನಿಂತವನಿಗೆ ಅದು ಸತ್ತಿದೆ ಎಂದು ಓದಿ ಹೇಳುವುದು ಯಾವ ಮರ್ಯಾದೆ?

ನಾನು ಕೆಲಸಕ್ಕಿದ್ದ ಜಾವಗಲ್ಲಿನ ಹಳಬರು ನನ್ನನ್ನು ಶಾನುಭೋಗ್ರಮ್ಮ ಎನ್ನುತ್ತಿದ್ದರು. ನನ್ನ ಮುತ್ತಜ್ಜ ಶಾನುಭೋಗರ ಮನೆಯ ಹಿತ್ತಲಿನಾಚೆ ನಿಂತು ಕೂಗಿ ಮಾತಾಡಬೇಕಾಗಿದ್ದವನು. ಮೊಮ್ಮಗನ ಮಗಳನ್ನು ಹೀಗೆ ಕರೆಯುತ್ತಾರೆಂದು ಕೇಳಿದ್ದರೆ ನಕ್ಕೂ ನಕ್ಕೂ ಪ್ರಾಣ ಬಿಡುತ್ತಿದ್ದ.

ಅಪ್ಪ ಅರಸೀಕೆರೆಯಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿ ಹಳಿ ಬಡಿದು ರಿಟೈರ್ ಆಗಿ ನನ್ನ ಜೊತೆಗೇ ಇದ್ದರು. ನಲವತ್ತರ ವಯಸ್ಸಿನಲ್ಲಿ ಎರಡು ಕೆಲಸ ಮಾಡಿದರು: ಬುದ್ಧನಿಗೆ ಶರಣು ಹೋದರು, ರಾತ್ರಿ ಶಾಲೆಗೆ ಹೋಗಿ ಸಹಿ ಹಾಕುವುದನ್ನು ಕಲಿತರು. ಎರಡರಲ್ಲೂ ಅವರಿಗೆ ಒಂದೇ ಭಕ್ತಿ. ದಿನಾ ಬೆಳಿಗ್ಗೆ ಬುದ್ಧನ ಫೋಟೊ ಮುಂದೆ ನಿಂತು ಪಂಚಶೀಲ ಹೇಳುವರು. ಆ ಫೋಟೊ ಹಿಂದೆ ಅಮ್ಮ ಸಾಯುವ ಮುಂಚೆ ಸಿಕ್ಕಿಸಿಟ್ಟಿದ್ದ ಮಾರಮ್ಮನ ಫೋಟೊ ಇತ್ತು. ಅದು ಅವರಿಗೂ ಗೊತ್ತಿತ್ತು, ತೆಗೆಯಲಿಲ್ಲ. ನಾಲ್ಕನೆಯ ಶೀಲ ಸುಳ್ಳಾಡುವುದಿಲ್ಲ ಎಂಬುದು. ಅದನ್ನು ಹೇಳುವಾಗ ಮಾತ್ರ ಅಪ್ಪ ದನಿ ಏರಿಸುವರು, ಒಳಗೆ ಹಲ್ಲುಜ್ಜುತ್ತಿದ್ದ ನನಗೆ ಕೇಳಲೆಂದು. ಅಪ್ಪನಿಗೆ ಸಹಿ ಬರುತ್ತಿತ್ತೇ ಹೊರತು ಓದು ಅಷ್ಟಕ್ಕಷ್ಟೆ. ನಾನು ಬರೆದದ್ದೆಲ್ಲ ನಿಜ ಎಂದು ನಂಬಿದ್ದ ಒಬ್ಬ ಮನುಷ್ಯ ಕರ್ನಾಟಕದಲ್ಲಿದ್ದರೆ ಅದು ಅವರೇ.

ಇನ್ನು ವಿಮಾನ. ತೊಂಬತ್ತರ ದಶಕದ ಕೊನೆ. ಸಂಕ್ರಾಂತಿ ಕಳೆದು ವಾರವಾಗಿತ್ತು. ಬೆಳಿಗ್ಗೆ ಹತ್ತೂವರೆಗೆ ಆಫೀಸಿನಲ್ಲಿ ಪಹಣಿ ಬರೆಯುತ್ತಾ ಕೂತಿದ್ದೆ. ಒಬ್ಬ ಸೈಕಲ್ ಎಸೆದು ಒಳಗೆ ನುಗ್ಗಿದ.

“ಮೇಡಮ್ನೋರೇ, ಗೌಡ್ರ ಹೊಲ್ದಾಗೆ ಇಮಾನ ಬಿದ್ದೈತೆ!”

“ಬೆಳಿಗ್ಗೆ ಬೆಳಿಗ್ಗೇನೇ ಹಾಕ್ಕೊಂಡು ಬಂದಿದ್ದೀಯಲ್ಲ, ನಾಚಿಕೆ ಆಗಲ್ವಾ?” ಎಂದು ಬೈದೆ.

“ನಮ್ಮವ್ವನಾಣೆ ಮೇಡಮ್ನೋರೇ. ಸದ್ದೇ ಇಲ್ದಂಗೆ ಬಂದು ಕೂಳೆ ಹೊಲ್ದಾಗೆ ಉಜ್ಕಂಡು ಹೋಗಿ ಹುಲ್ ಮೆದೆಗೆ ಮೂತಿ ಇಕ್ಬಿಟ್ಟೈತೆ!”

ಕುಡುಕನಿಗೆ ಇಷ್ಟು ವಿವರ ಹೊಳೆಯುವುದಿಲ್ಲ. ಮೊಪೆಡ್ಡು ಹತ್ತಿದೆ. ಅವತ್ತೇ ಬೆಳಿಗ್ಗೆ ಎರಡು ಲೀಟರ್ ಪೆಟ್ರೋಲ್ ಹಾಕಿಸಿದ್ದೆ, ಅಪ್ಪನ ಎದುರಿಗೇ. ಇದನ್ನು ನೆನಪಿಟ್ಟುಕೊಳ್ಳಿ.

ಹಳೇಬೀಡಿನ ರಸ್ತೆಯಲ್ಲಿ ಎರಡು ಮೈಲಿ ಹೋದರೆ ಗೌಡರ ಹೊಲ. ಅರ್ಧ ಊರು ಆಗಲೇ ಅಲ್ಲಿತ್ತು. ನಮ್ಮೂರಿನ ಟೆಂಪೋದಷ್ಟೂ ದೊಡ್ಡದಲ್ಲದ ಎರಡು ಸೀಟಿನ ಬಿಳಿ ವಿಮಾನ, ರಾಗಿಹುಲ್ಲಿನ ಮೆದೆಯೊಳಗೆ ಮೂತಿ ಹುದುಗಿಸಿ ಬಾಲ ಎತ್ತಿ ನಿಂತಿತ್ತು. ಮುಂದಿನ ಚಕ್ರ ಮುರಿದು ಹಿಂದೆ ಎಲ್ಲೋ ಬಿದ್ದಿತ್ತು, ಮುಂದಿನ ಫ್ಯಾನು ಸೊಟ್ಟಗಾಗಿತ್ತು, ಒಂದು ರೆಕ್ಕೆಯ ತುದಿ ಮುದುಡಿತ್ತು. ಬೆಂಕಿ ಹತ್ತಿಕೊಳ್ಳುತ್ತದೆಂದು ಹೆಂಗಸರು ಬಿಂದಿಗೆಗಟ್ಟಲೆ ನೀರು ತಂದು ಸುರಿದಿದ್ದರು. ವಿಮಾನಕ್ಕಿಂತ ಹೆಚ್ಚು ನೀರು ಬಿದ್ದದ್ದು ಅದರೊಳಗಿದ್ದವಳ ಮೇಲೆ.

ಹೌದು, ಅವಳು. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸಿನ ಬೆಂಗಳೂರಿನ ಹುಡುಗಿ. ಪೂರ್ತಿ ತೊಯ್ದು, ಗೌಡರ ತಾಯಿಯ ಪಕ್ಕ ಬದುವಿನ ಮೇಲೆ ಕೂತಿದ್ದಳು. ಹಣೆ ಒಡೆದಿದ್ದಕ್ಕೆ ಅಜ್ಜಿ ಕಾಫಿಪುಡಿ ಮೆತ್ತಿದ್ದರು.

“ಗಂಡ ಎಲ್ಲವ್ವಾ?” ಅಜ್ಜಿ ಕೇಳುತ್ತಿದ್ದರು.

“ಮದುವೆ ಆಗಿಲ್ಲ ಅಜ್ಜಿ.”

“ಅದ್ಕೇ ಒಬ್ಳೇ ಹಾರ್ಕಂಡು ಬಂದವ್ಳೆ” ಎಂದು ಅಜ್ಜಿ ಸುತ್ತಲಿನವರಿಗೆ ಅಪಘಾತದ ಕಾರಣ ತಿಳಿಸಿದರು.

ನಾನು ನೋಟ್‌ಬುಕ್ ತೆಗೆದು ಕೇಳಿದ್ದಕ್ಕೆ ಹುಡುಗಿ ನಿಜ ಹೇಳಿದಳು. ಉತ್ತರದ ಕಡೆಯ ಒಂದು ಹಾರಾಟದ ಶಾಲೆಯಲ್ಲಿ ಕಲಿಯುತ್ತಿದ್ದಳು. ಒಬ್ಬಳೇ ಬೆಂಗಳೂರಿಗೆ ಹಾರಿ ಮುಟ್ಟಬೇಕಿತ್ತು. ಕೆಳಗೆ ರೈಲು ಹಳಿ ನೋಡಿಕೊಂಡು ಬಾ ಎಂದಿದ್ದರು. ಹಳಿ ದೊಡ್ಡದೊಂದು ಸ್ಟೇಷನ್ನಿನಲ್ಲಿ ಕವಲೊಡೆಯಿತು, ಇವಳು ಬಲಗಡೆಯದನ್ನು ಹಿಡಿದಳು. ಎಷ್ಟು ಹೊತ್ತಾದರೂ ತುಮಕೂರು ಬರಲಿಲ್ಲ. ಗಾಬರಿಯಾಗಿ ಸುತ್ತು ಹೊಡೆಯುತ್ತಾ ಪಶ್ಚಿಮಕ್ಕೆ ಬಂದಾಗ ಒಂದು ಕೆರೆ, ಪಕ್ಕದಲ್ಲೊಂದು ನಕ್ಷತ್ರದಾಕಾರದ ದೇವಸ್ಥಾನ ಕಂಡಿತು. ಏಳನೇ ಕ್ಲಾಸಿನ ಟೂರಿನಲ್ಲಿ ನೋಡಿದ್ದ ಹಳೇಬೀಡು. ತಾನಿರುವುದು ಎಲ್ಲಿ ಎಂದು ಗೊತ್ತಾಗಿ ವಾಪಸ್ ತಿರುಗಿಸಿದಳು. ಆಗಲೇ ಇಂಜಿನ್ ಕೆಮ್ಮಿ ನಿಂತುಹೋಯಿತು.

ನಮ್ಮ ಸೀಮೆಯಲ್ಲಿ ಅರಸೀಕೆರೆ ಜಂಕ್ಷನ್ನಿನಲ್ಲಿ ಒಂದು ಸಲವಾದರೂ ತಪ್ಪು ರೈಲು ಹತ್ತದವರಿಲ್ಲ. ಆಕಾಶದಲ್ಲಿ ಹತ್ತಿದವಳು ಇವಳೊಬ್ಬಳೇ.

“ಯಾಕೆ ನಿಂತ್ಕಂತು ಇಂಜಿನ್ನು?” ಎಂದರು ಗೌಡರು.

“ಪೆಟ್ರೋಲ್ ಖಾಲಿ ಆಯ್ತು.”

ಗೌಡರು ಒಂದು ಕ್ಷಣ ಅವಳ ಮುಖ ನೋಡಿ, ಅಪ್ಪಟ ಮೊಪೆಡ್ಡಿನವರ ಪ್ರಶ್ನೆ ಕೇಳಿದರು: “ಕಡ್ಡಿ ಹಾಕಿ ನೋಡ್ಲಿಲ್ವೇನವ್ವಾ?”

ನಮ್ಮ ಮೊಪೆಡ್ಡುಗಳಲ್ಲಿ ಪೆಟ್ರೋಲ್ ತೋರಿಸುವ ಮುಳ್ಳು ಇರಲಿಲ್ಲ. ಎಲ್ಲರ ಕ್ಯಾರಿಯರಿನಲ್ಲೂ ಒಂದು ತೆಂಗಿನಗರಿಯ ಕಡ್ಡಿ. ಹೊರಡುವ ಮುಂಚೆ ಟ್ಯಾಂಕಿಗೆ ಇಳಿಬಿಟ್ಟು ಎಷ್ಟು ಬೆರಳು ಒದ್ದೆಯಾಗಿದೆ ನೋಡಿಕೊಂಡು ಹೋಗುವುದು ಪದ್ಧತಿ. ಹುಡುಗಿ ಆ ಪ್ರಶ್ನೆ ಕೇಳಿಸಿಕೊಂಡಿದ್ದೇ ಗೊಳೋ ಎಂದು ಅಳಲು ಶುರು ಮಾಡಿದಳು. ವಿಮಾನಕ್ಕೂ ಅಂಥದೇ ಕಡ್ಡಿ ಇದೆಯಂತೆ, ಗೀರು ಹಾಕಿದ ಮರದ್ದು. ಹಾರುವ ಮುಂಚೆ ಎರಡು ರೆಕ್ಕೆಯ ಟ್ಯಾಂಕಿಗೂ ಹಾಕಿ ನೋಡಲೇಬೇಕಂತೆ. ಹಿಂದಿನ ಸಂಜೆ ಬೋರ್ಡಿನ ಮೇಲೆ ‘ಫುಲ್’ ಎಂದು ಬರೆದಿತ್ತು. ಬೆಳಗಿನ ಜಾವ ಇನ್ಯಾರೋ ಅದನ್ನು ಹಾರಿಸಿಕೊಂಡು ಬಂದಿದ್ದರು. ಇವಳು ಅವಸರದಲ್ಲಿ ಬೋರ್ಡು ನಂಬಿ ಹತ್ತಿ ಕೂತಳು.

“ಲೈಸೆನ್ಸಿಗೆ ಇನ್ನು ಹತ್ತೇ ಗಂಟೆ ಹಾರಾಟ ಬಾಕಿ ಇತ್ತು ಮೇಡಂ. ಟ್ಯಾಂಕ್ ನೋಡದೇ ಹತ್ತಿದೆ ಅಂತ ಗೊತ್ತಾದ್ರೆ ಮುಗೀತು. ಇನ್ನೆಂದೂ ಹತ್ತಿಸಲ್ಲ. ಹುಡುಗೀರ ಕೈಗೆ ವಿಮಾನ ಕೊಟ್ರೆ ಹಿಂಗೇ ಆಗೋದು ಅಂತ ಮೊದಲ ದಿನವೇ ಅಂದಿದ್ರು.”

ಈ ಮಾತು ನನಗೆ ನಾಟಿತು. ನನ್ನ ಟ್ರೈನಿಂಗಿನಲ್ಲಿ ಒಬ್ಬ ಮಹಾಶಯ, ಹೆಣ್ಣುಮಕ್ಕಳಿಗೆ ಸರ್ವೆ ಚೈನು ಹಿಡಿಯಲು ಬರುವುದಿಲ್ಲ, ಮಾಂಗಲ್ಯದ ಚೈನು ಸಾಕು ಎಂದಿದ್ದ. ಅವನ ಮೇಲಿನ ಸಿಟ್ಟು ಐದು ವರ್ಷವಾದರೂ ಆರಿರಲಿಲ್ಲ.

ಪೋಸ್ಟಾಫೀಸಿಗೆ ಹೋಗಿ ತಹಸೀಲ್ದಾರರಿಗೆ ಫೋನು ಮಾಡಿದೆ. ಅವರು, “ಯಾವ ಫಾರಂನಲ್ಲಿ ಬರೀತೀರ್ರೀ?” ಎಂದರು. ಗೋಡೆ ಕುಸಿದಿದ್ದಕ್ಕೆ, ದನ ಸತ್ತಿದ್ದಕ್ಕೆ, ಮರ ಬಿದ್ದಿದ್ದಕ್ಕೆ ನಮೂನೆಗಳಿದ್ದವು. ಸರ್ಕಾರ ವಿಮಾನದ ಬಗ್ಗೆ ಯೋಚಿಸಿರಲಿಲ್ಲ. ಮರದ ನಮೂನೆಯಲ್ಲೇ ಬರೆಯಿರಿ, ನಾಳೆ ಬೆಂಗಳೂರಿನಿಂದ ತನಿಖೆಯ ಅಧಿಕಾರಿ ಬರುತ್ತಾರೆ, ಅಲ್ಲಿಯವರೆಗೆ ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ ಎಂದು ಅಪ್ಪಣೆಯಾಯಿತು. ಒಬ್ಬ ಕಾನ್‌ಸ್ಟೇಬಲನ್ನು ಕಾವಲಿಗೆ ಕಳಿಸಿದರು.

ವಾಪಸ್ ಬಂದು, ಕ್ಯಾರಿಯರಿನ ಕಡ್ಡಿ ಎಳೆದುಕೊಂಡು ರೆಕ್ಕೆಯ ಮುಚ್ಚಳ ಬಿಚ್ಚಿಸಿ ಎರಡೂ ಟ್ಯಾಂಕಿಗೆ ಇಳಿಬಿಟ್ಟೆ. ಕಡ್ಡಿ ಒಣಗಿದ್ದದ್ದು ಒಣಗಿದಂತೆಯೇ ಬಂತು. ‘ಬಿದ್ದ ಮರದ ಜಾತಿ’ ಎಂಬಲ್ಲಿ ವಿಮಾನ ಎಂದು ಬರೆದೆ. ಎರಡೂ ಟ್ಯಾಂಕುಗಳಲ್ಲಿ ಇಂಧನ ಇರುವುದಿಲ್ಲ ಎಂದೂ ಬರೆದೆ. ಗೌಡರೂ ಇನ್ನು ನಾಲ್ವರೂ ಪಂಚರಾಗಿ ಸಹಿ, ಹೆಬ್ಬೆಟ್ಟು ಹಾಕಿದರು. ಇದು ಮೊದಲನೆಯ ಮಹಜರು. ಓದಿ ಹೇಳಲಿಲ್ಲ.

ಅಜ್ಜಿಗೆ ಮಾತ್ರ ಅನುಮಾನ ಬಂತು. “ಅದ್ರಾಗೆ ಏನಂತ ಬರ್ದೆ?”

ಹೇಳಿದೆ.

“ಅಯ್ಯೋ ನಿನ್ ಮನೆ ಕಾಯ್ವಾಗ! ಆ ಮಗೀನ ಹೊಟ್ಟೆ ಮೇಲೆ ಹೊಡೀತೀಯಲ್ಲೇ! ಸಾವ್ರ ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತಾರೆ. ಒಂದ್ ಸುಳ್ಳು ಹೇಳಿ ಒಂದ್ ಇಮಾನ ಉಳ್ಸಾಕಾಗಕಿಲ್ವಾ ನಿಂಗೆ?”

“ಸುಳ್ಳು ಬರೆಯೋಕಾಗಲ್ಲ ಅಜ್ಜಿ” ಎಂದೆ. ಸುತ್ತ ನಿಂತಿದ್ದವರ ಮುಖಗಳನ್ನು ನೋಡಿದೆ. ಆಮೇಲೆ ಹೇಳಿದೆ: “ಟ್ಯಾಂಕಲ್ಲಿ ಏನಿದೆಯೋ ಅದನ್ನ ಬರೆಯೋದು ನನ್ನ ಕೆಲಸ. ಇದ್ರೆ ಇದೆ ಅಂತ ಬರೀತೀನಿ. ಇಲ್ದಿದ್ರೆ ಇಲ್ಲ ಅಂತ.”

ಮಾತು ಕಾನೂನಿನ ಪ್ರಕಾರ ಸರಿಯಾಗಿತ್ತು. ಆದರೆ ಅದನ್ನು ಅಗತ್ಯಕ್ಕಿಂತ ನಿಧಾನವಾಗಿ, ಗೌಡರ ಮುಖವನ್ನೇ ನೋಡುತ್ತಾ ಹೇಳಿದೆ. ಆಮೇಲೆ ಮೊಪೆಡ್ಡನ್ನು ಅಲ್ಲೇ ಬಿಟ್ಟು, ಅಜ್ಜಿ ಕರೆದರೆಂದು, ಕಾನ್‌ಸ್ಟೇಬಲನ್ನೂ ಹುಡುಗಿಯನ್ನೂ ಕರೆದುಕೊಂಡು ಊಟಕ್ಕೆ ನಡೆದುಬಿಟ್ಟೆ. ನನಗೇನೂ ಗೊತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ನಂಬಿಕೆ ಬಂದಿಲ್ಲ.

ಗೌಡರ ಮನೆಯ ಜಗುಲಿಯಲ್ಲಿ ಐದು ವರ್ಷ ಕಾಫಿ ಕುಡಿದವಳು ನಾನು. ಒಳಗೆ ಹೋದವಳಲ್ಲ. ಅವರು ಬಾ ಎನ್ನಲಿಲ್ಲ, ನಾನು ಹೋಗಲಿಲ್ಲ, ಇಬ್ಬರೂ ನಗುನಗುತ್ತಲೇ ಇದ್ದೆವು. ಅವತ್ತು ಆಕಾಶದಿಂದ ಬಿದ್ದವಳನ್ನು ಅಜ್ಜಿ ಕೈಹಿಡಿದು ನೇರ ನಡುಮನೆಗೆ ಕರೆದೊಯ್ದರು. ಯಾರ ಪೈಕಿ ಎಂದು ಯಾರೂ ಕೇಳಲಿಲ್ಲ. ಅವಳು ಇನ್ನೊಂದು ಕೈಯಲ್ಲಿ ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು, ಹಾಗಾಗಿ ನಾನೂ ಒಳಗೆ ಹೋದೆ. ಬಿಸಿ ಮುದ್ದೆ, ಹಿತಿಕಿದಬೇಳೆ ಸಾರು. ಅಜ್ಜಿ ನನಗೆ ಎರಡನೇ ಸಲ ಸಾರು ಬಿಡುವಾಗ ನನಗೆ ಖುಷಿಯಾಯಿತು, ಖುಷಿಯಾಯಿತಲ್ಲ ಎಂದು ಮೈ ಉರಿಯಿತು.

ಮೂರು ಗಂಟೆಗೆ ಹೊಲಕ್ಕೆ ಬಂದರೆ ಗಂಡಸರೆಲ್ಲ ಒಳ್ಳೆಯ ಹುಡುಗರ ಹಾಗೆ ಸಾಲಾಗಿ ಕೂತಿದ್ದಾರೆ. ಒಬ್ಬ ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಉಗಿಯುತ್ತಿದ್ದ. ಬದುವಿನ ಹಿಂದೆ ಒಂದು ಪ್ಲಾಸ್ಟಿಕ್ ಪೈಪು, ಒಂದು ಲಾಳಿಕೆ, ಅಡಿಗೆಮನೆಯಿಂದ ಬಂದದ್ದೆಂದು ನೋಡಿದರೇ ಗೊತ್ತಾಗುವ ಒಂದು ಬಿಂದಿಗೆ.

“ಇನ್ನೊಂದ್ ಸಲ ಕಡ್ಡಿ ಹಾಕಿ ನೋಡ್ಬಿಡಿ ಮೇಡಮ್ನೋರೇ” ಎಂದರು ಗೌಡರು. “ಬೆಳಿಗ್ಗೆ ಸರ್ಯಾಗಿ ನೋಡ್ನಿಲ್ಲ ಅನ್ಸ್ತದೆ.”

ಕಾನ್‌ಸ್ಟೇಬಲ್ ಇಂಗು ತಿಂದ ಮಂಗನ ಹಾಗೆ ನನ್ನನ್ನೇ ನೋಡಿದ. ನಾನು ಕಡ್ಡಿ ಹಾಕಿದೆ. ಎರಡರಲ್ಲೂ ನಾಲ್ಕು ಬೆರಳು ಒದ್ದೆ. ಹುಡುಗಿ ನಂಬಲಾರದೆ ಕಡ್ಡಿಯನ್ನೇ ದಿಟ್ಟಿಸಿದಳು. ನಾನು ಬ್ಯಾಗಿನಿಂದ ಹೊಸ ಹಾಳೆ ತೆಗೆದೆ. ಹಳೆಯದನ್ನು ಹರಿಯಲಿಲ್ಲ. ಸಹಿ ಬಿದ್ದ ಕಾಗದ ಹರಿಯಲು ಕೈ ಬರಲಿಲ್ಲ, ಮಡಿಸಿ ಬ್ಯಾಗಿನ ತಳಕ್ಕೆ ತುರುಕಿದೆ. ‘ಎರಡೂ ಟ್ಯಾಂಕುಗಳಲ್ಲಿ ತಲಾ ನಾಲ್ಕು ಬೆರಳಿನಷ್ಟು ಇಂಧನ ಇರುತ್ತದೆ.’ ಒಂದಕ್ಷರ ಸುಳ್ಳಿಲ್ಲ. ಎರಡನೆಯ ಮಹಜರು ಸಿದ್ಧವಾಯಿತು.

ಐದನೆಯ ಪಂಚ ಬೇಲೂರಿನ ಬಸ್ಸು ಹತ್ತಿ ಹೋಗಿಬಿಟ್ಟಿದ್ದ. ಇನ್ನೊಬ್ಬರು ಬೇಕಲ್ಲ ಎಂದು ತಲೆ ಎತ್ತಿದರೆ, ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ವಿಮಾನ ನೋಡಲು ಅಪ್ಪ ಆಗ ತಾನೇ ನಡೆದು ಬರುತ್ತಿದ್ದರು. ಬೆಳಗಿನ ಕಥೆ ಅವರಿಗೆ ಗೊತ್ತಿರಲಿಲ್ಲ. ಮನೆಯವರನ್ನು ಪಂಚರಾಗಿ ಹಾಕಿಕೊಳ್ಳಬಾರದು ಎಂಬ ನೇಮ ನಾನೇ ಇಟ್ಟುಕೊಂಡಿದ್ದೆ. ಅವತ್ತು ನೇಮಗಳ ಗ್ರಹಚಾರ ಚೆನ್ನಾಗಿರಲಿಲ್ಲ.

“ಯಜಮಾನ್ರು ಹಾಕ್ಲಿ ಬಿಡಿ, ದೊಡ್ಡೋರು” ಎಂದರು ಗೌಡರು. ಗೌಡರ ಸಹಿಯ ಕೆಳಗೆ ಅಪ್ಪನ ಸಹಿ! ಅಪ್ಪನ ಮುಖ ಹೇಗೆ ಬೆಳಗಿತು ಎಂದರೆ ನಾನು ಬೇಡ ಎನ್ನಲಾಗಲಿಲ್ಲ. ಜೇಬಿನಿಂದ ತಮ್ಮದೇ ಪೆನ್ನು ತೆಗೆದರು.

“ಓದಿ ಹೇಳ್ಲಾ ಅಪ್ಪಾ?” ಎಂದೆ. ಶಾಸ್ತ್ರಕ್ಕೆ.

“ನೀನು ಬರ್ದಿರಾದ್ನ ನಾನೇನು ಕೇಳಾದು ಕಣವ್ವ” ಎಂದು, ನಾಲಿಗೆಯ ತುದಿ ಹೊರಗೆ ಹಾಕಿಕೊಂಡು, ಒಂದೊಂದೇ ಅಕ್ಷರ ತೀಡಿ ಸಹಿ ಮಾಡಿದರು.

ಆಮೇಲೆ ಹುಡುಗಿಯ ಪಕ್ಕ ಕೂತು ಹಳಿಯ ವಿಚಾರ ಕೇಳಿಕೊಂಡರು. “ನೀನು ಹಾಸನದ ಲೈನು ಹಿಡ್ದಿದ್ದೀಯ ಕಣವ್ವ. ಸ್ಟೇಷನ್ ದಾಟಿದ್ ಮೇಲೆ ಎಡಕ್ಕೆ ಹೋಗ್ಬೇಕಿತ್ತು. ಆ ಹಳೀನ ನಾನೇ ಬಡ್ದಿರಾದು” ಎಂದು ತಾವೇ ತಪ್ಪು ಮಾಡಿದವರಂತೆ ಹೇಳಿದರು. “ಅಂತೂ ಎಣ್ಣೆ ಇತ್ತು. ಇಂಜಿನ್ನೇ ಕೈಕೊಡ್ತು ಅನ್ನು.”

ಹುಡುಗಿ ನೆಲ ನೋಡಿದಳು.

ಸಂಜೆ ಮನೆಗೆ ಹೊರಟರೆ ನನ್ನ ಮೊಪೆಡ್ಡು ಹತ್ತು ಸಲ ತುಳಿದರೂ ಜಪ್ಪಯ್ಯ ಎನ್ನಲಿಲ್ಲ. ಕಡ್ಡಿ ಹಾಕಿದೆ. ಬೆಳಿಗ್ಗೆ ವಿಮಾನದಿಂದ ಬಂದಷ್ಟೇ ಒಣಗಿದ ಕಡ್ಡಿ ಬಂತು. ಗಂಡಸರೆಲ್ಲ ಬೇರೆ ಬೇರೆ ದಿಕ್ಕು ನೋಡುತ್ತಿದ್ದರು. ಅವರವು ಆರು ಮೊಪೆಡ್ಡು ಬರಿದಾಗಿದ್ದವು, ನನ್ನದು ಸೇರಿ ಏಳು. ಎರಡು ಮೈಲಿ ತಳ್ಳಿಕೊಂಡು ನಡೆದೆ. ಅಪ್ಪ ಹಿಂದಿನಿಂದ ಒಂದು ಕೈ ಕೊಟ್ಟಿದ್ದರು.

“ಬೆಳಿಗ್ಗೆ ಹಾಕ್ಸಿದ್ದಲ್ಲವ್ವ?”

“ಪೈಪು ಲೀಕಾಗಿದೆ ಅಪ್ಪಾ” ಎಂದೆ.

ಅಪ್ಪ ಬಗ್ಗಿ ಪೈಪು ನೋಡಿದರು. ಮತ್ತೆ ತಳ್ಳಿದರು.

ಮಾರನೆಯ ದಿನ ಹತ್ತು ಗಂಟೆಗೆ ಜೀಪು ಬಂತು. ಅಧಿಕಾರಿ ಸಣ್ಣ ಆಳು, ದಪ್ಪ ಕನ್ನಡಕ, ಮಾತು ಕಮ್ಮಿ. ರಾತ್ರಿ ಅಜ್ಜಿಯ ಮನೆಯಲ್ಲೇ ಮಲಗಿದ್ದ ಹುಡುಗಿ ಅಜ್ಜಿಯ ಸೀರೆ ಉಟ್ಟು ಬಂದಿದ್ದಳು. ಊರಿಗೆ ಊರೇ ನೆರೆದಿತ್ತು. ಅಪ್ಪನೂ ಬಂದಿದ್ದರು, ಸಹಿ ಮಾಡಿದವರು ಹಾಜರಿರಬೇಕೆಂದು, ಅದೇ ಬಿಳಿ ಷರಟಿನಲ್ಲಿ.

ಅಧಿಕಾರಿ ವಿಮಾನದ ಹತ್ತಿರಕ್ಕೂ ಹೋಗದೆ ಮೊದಲು ನನ್ನ ಮಹಜರು ಕೇಳಿದರು. ನಿಂತಲ್ಲೇ ಓದಿದರು.

“ಫ್ಯೂಯಲ್ ಇತ್ತು ಅಂತ ಬರ್ದಿದ್ದೀರಿ. ಅಲ್ಲಿಗೆ ಇಂಜಿನ್ ಫೇಲ್ಯೂರ್.” ಹುಡುಗಿಯ ಕಡೆ ತಿರುಗಿದರು. “ಇಂಜಿನ್ ಸರಿ ಇದೆ ಅಂತ ನಿನ್ನೆ ಬೆಳಿಗ್ಗೆ ಸೈನ್ ಮಾಡಿದ್ದು ಯಾರು?”

ಅವಳು ಹೆಸರು ಹೇಳಿದಳು. ದನಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿಸಿದರು. ಅವರ ಶಾಲೆಯ ಹಳೆಯ ಮೆಕ್ಯಾನಿಕ್ಕು.

“ಎಷ್ಟು ವರ್ಷ ಸರ್ವೀಸಾಗಿದೆ ಅವರಿಗೆ?”

“ಈ ವರ್ಷ ರಿಟೈರ್ ಆಗ್ತಾರೆ ಸರ್.”

“ಅಲ್ಲೀವರೆಗೂ ಇರಲ್ಲ ಬಿಡಿ” ಎಂದು ಅಧಿಕಾರಿ ಪೆನ್ನಿನ ಕ್ಯಾಪು ತೆಗೆದರು.

ನನಗೆ ಆಗ ಅರ್ಥವಾಯಿತು, ನಾಚಿಕೆಯಾಗುವಷ್ಟು ತಡವಾಗಿ. ವಿಮಾನ ಬಿದ್ದಿದೆ ಎಂದ ಮೇಲೆ ತಪ್ಪು ಯಾರದೋ ಒಬ್ಬರದಾಗಲೇಬೇಕು. ಅವಳ ತಲೆಯಿಂದ ತೆಗೆದರೆ ಅದು ಗಾಳಿಯಲ್ಲಿ ಕರಗುವುದಿಲ್ಲ. ನಾವು ಯಾರೂ ನೋಡದ, ನಮ್ಮ ಸಾರು ಉಣ್ಣದ, ಅಜ್ಜಿ ಹಣೆಗೆ ಕಾಫಿಪುಡಿ ಮೆತ್ತದ ಒಬ್ಬ ಮುದುಕನ ಹೊಟ್ಟೆಯ ಮೇಲೆ ಏಳು ಮೊಪೆಡ್ಡಿನ ಪೆಟ್ರೋಲು ಸುರಿದಿದ್ದೆವು. ನಾನು ಬಾಯಿ ತೆರೆಯಬೇಕಿತ್ತು. ಕೆಲಸ ಹೋಗುತ್ತದೆ ಎನ್ನಿಸಿತು. ನಮ್ಮ ವಂಶದಲ್ಲಿ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಹಿಡಿದವಳು ನಾನೊಬ್ಬಳೇ. ಬಾಯಿ ತೆರೆಯಲಿಲ್ಲ.

ತೆರೆದವಳು ಅವಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತಳು.

“ಇಂಜಿನ್ ಸರಿಯಾಗೇ ಇತ್ತು ಸರ್. ಟ್ಯಾಂಕ್ ಖಾಲಿ ಇತ್ತು. ನಾನು ಡಿಪ್ ಕಡ್ಡಿ ಹಾಕಿ ನೋಡಲಿಲ್ಲ. ಈ ಪೆಟ್ರೋಲ್ ನಿನ್ನೆ ಮಧ್ಯಾಹ್ನ ಹಾಕಿದ್ದು, ನನಗೋಸ್ಕರ. ಇವರದೇನೂ ತಪ್ಪಿಲ್ಲ.”

ಅಧಿಕಾರಿ ಪೆನ್ನಿನ ಕ್ಯಾಪು ಹಾಕಿ, ವಿಮಾನದ ಹತ್ತಿರ ಹೋಗಿ, ತಮ್ಮ ಕಡ್ಡಿ ಇಳಿಬಿಟ್ಟು ತೆಗೆದು ಮೂಸಿದರು. ನಮ್ಮ ಮೊಪೆಡ್ಡುಗಳು ಕುಡಿಯುತ್ತಿದ್ದದ್ದು ಬರೀ ಪೆಟ್ರೋಲಲ್ಲ, ಬಂಕಿನಲ್ಲೇ ಆಯಿಲ್ ಬೆರೆಸಿ ಕೊಡುತ್ತಿದ್ದ ಪೆಟ್ರೋಲು. ಈ ಸೂಕ್ಷ್ಮ ಊರಿನ ಒಬ್ಬರಿಗಾದರೂ ಹೊಳೆದಿರಲಿಲ್ಲ, ನನಗೂ.

“ವಿಮಾನದ ಪೆಟ್ರೋಲು ತಿಳಿ ನೀಲಿ ಬಣ್ಣ ಇರುತ್ತೆ ಮೇಡಂ” ಎಂದು ಅಧಿಕಾರಿ ಕಡ್ಡಿಯನ್ನು ನನ್ನ ಮೂಗಿನ ಹತ್ತಿರ ಹಿಡಿದರು. “ಆಯಿಲ್ ಕೂಡ ಹಾಕಿದ್ದೀರಿ. ಸರ್ವೀಸಿಗೂ ಬಿಡೋ ಯೋಚನೆ ಇತ್ತೇನು? ಹತ್ತು ನಿಮಿಷದಲ್ಲಿ ನನಗೇ ಗೊತ್ತಾಗ್ತಿತ್ತು.” ಆಮೇಲೆ ಹುಡುಗಿಗೆ, “ಆದ್ರೆ ನೀನು ಅದಕ್ಕೆ ಮುಂಚೆನೇ ಹೇಳಿದೆ” ಎಂದರು. ಹೊಗಳಿದರೋ ಬೈದರೋ ಗೊತ್ತಾಗಲಿಲ್ಲ.

ಗೌಡರು ತಲೆ ಕೆರೆದುಕೊಂಡು, “ಹಂಗಾರೆ ನಮ್ ಪೆಟ್ರೋಲ್ ವಾಪಸ್ ತಕ್ಕಬೋದಾ ಸ್ವಾಮಿ?” ಎಂದರು.

“ಅದು ಸಾಕ್ಷಿ” ಎಂದರು ಅಧಿಕಾರಿ. ಕಾನ್‌ಸ್ಟೇಬಲ್ ಒಬ್ಬನೇ ನಕ್ಕ.

ನಾನು ಬ್ಯಾಗಿನ ತಳದಿಂದ ಮೊದಲನೆಯ ಮಹಜರು ತೆಗೆದು ಕೊಟ್ಟೆ. ಅಧಿಕಾರಿ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿ, “ಈಗ ನಡೆದದ್ದನ್ನ ನಡೆದ ಹಾಗೆ ಬರೀರಿ. ಅದೇ ಪಂಚರ ಸಹಿ ಹಾಕ್ಸಿ” ಎಂದರು. ಬದುವಿನ ಮೇಲೆ ಕೂತು ಬರೆದೆ. ಯಾರು ಸುರಿದರು ಎಂಬಲ್ಲಿ ‘ಗ್ರಾಮಸ್ಥರು’ ಎಂದು ಮಾತ್ರ ಬರೆದೆ. ನನ್ನ ವಿಷಯಕ್ಕೆ ಬಂದಾಗ ಹಾಗೆ ನುಣುಚಿಕೊಳ್ಳಲು ಮನಸ್ಸಾಗಲಿಲ್ಲ. ಗೌಡರು ಸಹಿ ಮಾಡಿದರು, ಉಳಿದ ಮೂವರು ಹೆಬ್ಬೆಟ್ಟು ಒತ್ತಿದರು. ಯಾರೂ ಏನೂ ಕೇಳಲಿಲ್ಲ. ಒಣ ಎಂದಾಗ, ಒದ್ದೆ ಎಂದಾಗ ಒತ್ತಿದ ಹಾಗೇ ಒತ್ತಿದರು.

ಕೊನೆಗೆ ಅಪ್ಪ. ಪೆನ್ನು ತೆಗೆದರು. ಕಾಗದದ ಮೇಲೆ ಇಟ್ಟರು. ಮತ್ತೆ ಎತ್ತಿಬಿಟ್ಟರು.

“ಓದು” ಎಂದರು.

“ಅಪ್ಪಾ...”

“ಓದಿ ಹೇಳವ್ವ. ಕೇಳ್ತೀನಿ.”

ಓದಿದೆ. ಊರೆಲ್ಲ ಕೇಳುತ್ತಿತ್ತು. ವಿಮಾನ ಬಿದ್ದದ್ದು, ಕಡ್ಡಿ ಒಣಗಿ ಬಂದದ್ದು ಎಲ್ಲ ಸರಾಗವಾಗಿ ಬಂತು. ‘ಟ್ಯಾಂಕಿಗೆ ಪೆಟ್ರೋಲ್ ಹಾಕುವ ಸಂಭವವಿದೆ ಎಂದು ಗ್ರಾಮ ಲೆಕ್ಕಿಗರಾದ ನನಗೆ ತಿಳಿದಿದ್ದು, ನಾನು ಸ್ಥಳದಿಂದ ಹೊರಟುಹೋಗಿರುತ್ತೇನೆ. ಹಾಕಿದ ಪೆಟ್ರೋಲಿನಲ್ಲಿ ನನ್ನ ವಾಹನದ್ದೂ ಸೇರಿರುತ್ತದೆ’ ಎಂಬಲ್ಲಿ ಓದುವುದನ್ನು ನಡುವೆಯೇ ನಿಲ್ಲಿಸಿದೆ. ಅಪ್ಪ ಕಾಯುತ್ತಿದ್ದರು. ಮತ್ತೆ ಮೊದಲಿನಿಂದ ಆ ಸಾಲು ಓದಿದೆ. ‘ಓದಿ ಹೇಳಲಾಗಿ, ಕೇಳಿ’ ಎಂಬಲ್ಲಿ ತಲೆ ಎತ್ತಲಾಗಲಿಲ್ಲ.

ಅಪ್ಪ ಸಹಿ ಮಾಡಿದರು. “ಪೈಪು ಲೀಕಾಗಿರ್ನಿಲ್ಲ” ಎಂದರು, ನನಗೆ ಮಾತ್ರ ಕೇಳುವ ಹಾಗೆ.

ಹುಡುಗಿ ಜೀಪು ಹತ್ತುವಾಗ ಅಜ್ಜಿ ಎರಡು ತೆಂಗಿನಕಾಯಿ, ಒಂದು ಚೀಲ ಅವರೆಕಾಯಿ ತುಂಬಿಕೊಟ್ಟು, “ಇನ್ನೊಂದ್ ಸಲ ಬರಾವಾಗ ಬಸ್ಸಲ್ಲೇ ಬಾ” ಎಂದು ಕಣ್ಣೊರೆಸಿಕೊಂಡರು. ಅವಳು ನನ್ನ ಕೈ ಹಿಡಿದು, ಬಿಟ್ಟಳು. ಕೆಲವು ತಿಂಗಳಾದ ಮೇಲೆ ತಾಲ್ಲೂಕು ಕಚೇರಿಗೆ ತನಿಖೆಯ ಒಂದು ಪ್ರತಿ ಬಂತು. ಒಂದು ವರ್ಷ ಅವಳು ಹಾರುವ ಹಾಗಿಲ್ಲ, ಆಮೇಲೆ ಮತ್ತೆ ಮೊದಲಿನಿಂದ ಗಂಟೆಗಳನ್ನು ಪೂರೈಸಬೇಕು. ಕೇಳುವ ಮುಂಚೆ ತಾನಾಗಿ ಒಪ್ಪಿಕೊಂಡಿದ್ದರಿಂದ ಇಷ್ಟಕ್ಕೇ ಬಿಟ್ಟಿದೆ ಎಂದಿತ್ತು. ಮೆಕ್ಯಾನಿಕ್ಕಿನ ಹೆಸರು ಎಲ್ಲೂ ಇರಲಿಲ್ಲ. ನನಗೆ ಒಂದು ಎಚ್ಚರಿಕೆಯ ಪತ್ರ ಬಂತು, ಅದಕ್ಕೆ ಸಹಿ ಹಾಕಿದ ತಹಸೀಲ್ದಾರರು ಅದನ್ನು ಓದಿರಲಿಲ್ಲ ಎಂದು ಅದರಲ್ಲಿದ್ದ ತಪ್ಪುಗಳಿಂದಲೇ ಗೊತ್ತಾಗುತ್ತಿತ್ತು.

ಅಪ್ಪ ಆ ವಿಷಯ ಮತ್ತೆ ಎತ್ತಲಿಲ್ಲ. ಬೈಯಲೂ ಇಲ್ಲ. ಬೆಳಿಗ್ಗೆ ನಾಲ್ಕನೆಯ ಶೀಲಕ್ಕೆ ದನಿ ಏರಿಸುವುದನ್ನು ಬಿಟ್ಟುಬಿಟ್ಟರು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಮತ್ತು ಅಲ್ಲಿಂದ ಮುಂದೆ ನಾನು ಕೊಟ್ಟ ಯಾವ ಕಾಗದಕ್ಕೂ ಓದಿ ಹೇಳದೆ ಸಹಿ ಮಾಡಲಿಲ್ಲ. ರೇಷನ್ ಕಾರ್ಡಿನ ಅರ್ಜಿ, ಪೆನ್ಷನ್ನಿನ ಫಾರಂ, ಗ್ಯಾಸಿನ ಪುಸ್ತಕ. “ಓದು” ಎನ್ನುವರು, ಕೈಕಟ್ಟಿ ಕೂತು ಕೇಳುವರು, ಆಮೇಲೆ ಪೆನ್ನು ತೆಗೆಯುವರು. ನಾನು ನಗಾಡಿದೆ, ಸಿಡುಕಿದೆ, ಒಂದೆರಡು ಸಲ ಅತ್ತೆ. ಪ್ರಯೋಜನವಾಗಲಿಲ್ಲ.

ಎಂಟು ವರ್ಷದ ಮೇಲೆ ಹಾಸನದ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ನರ್ಸು ಒಪ್ಪಿಗೆಯ ಕಾಗದ ತಂದು, ಮಗಳ ಸಹಿ ಆದರೂ ಸಾಕು ಎಂದಳು. ಅಪ್ಪ ಬೇಡವೆಂದು ತಲೆಯಾಡಿಸಿ ಕೈ ಚಾಚಿದರು. ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡು ನನ್ನ ಕೈಗಿಟ್ಟರು. ಪ್ರಾಣಾಪಾಯವಾದರೆ ಯಾರೂ ಹೊಣೆಯಲ್ಲ ಎಂಬ ಸಾಲು ಅದರ ನಡುವೆ ಇತ್ತು. ಅದನ್ನು ಹಾರಿಸಿ ಓದಬಹುದಿತ್ತು. ಅವರಿಗೆ ಗೊತ್ತಾಗುತ್ತಿರಲಿಲ್ಲ.

ಹಾರಿಸಲಿಲ್ಲ. ಅಪ್ಪ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. “ಸರಿ ಐತೆ” ಎಂದು ಪೆನ್ನು ಕೇಳಿದರು.